ಕುಣಿ ಮಗ್ಗದ ಮನೆಯಲ್ಲಿ ಜೇಡಗಳ ಕಾಟ: ನನ್ನ ಅನುಭವ

ನಮ್ಮದು ಇಳಕಲ್ಲಿನ ಹಳೇ ಮನೆ. ಕಲ್ಲಿನ ಗೋಡೆ, ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯಲ್ಲೇ ಕುಣಿ ಮಗ್ಗ ಇದೆ. ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡಬೇಕು. ಕುಣಿ ಅಂದರೆ ಕತ್ತಲು, ತಂಪು, ಯಾರೂ ಕೈ ಹಾಕದ ಜಾಗ. ಜೇಡಕ್ಕೆ ಇನ್ನೇನು ಬೇಕು? ಮಳೆಗಾಲ ಶುರುವಾದರೆ ಸಾಕು, ಬೆಳಿಗ್ಗೆ ಕಾಲು ಇಳಿಸುವಾಗಲೇ ಬಲೆ ಮೊಣಕಾಲಿಗೆ ಅಂಟುತ್ತಿತ್ತು. ಮೇಲೆ ಜಂತಿಗಳ ನಡುವೆಯೂ ಬಲೆ. ನೂಲಿನ ಜುಂಗು ಹಾರಿ ಆ ಬಲೆಗೆ ಹತ್ತುತ್ತದೆ, ಭಾರವಾಗಿ ಜೋತು ಬೀಳುತ್ತದೆ, ಕೊನೆಗೆ ನೇಯುತ್ತಿರುವ ಸೀರೆಯ ಮೇಲೇ ಉದುರುತ್ತದೆ. ಅದನ್ನು ಆರಿಸುತ್ತ ಕೂತರೆ ಅರ್ಧ ದಿನ ಹೋಗುತ್ತದೆ.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಅಂಗಡಿಯಿಂದ ಹುಳ ಸಾಯಿಸುವ ಸ್ಪ್ರೇ ತಂದು ಮೂಲೆ ಮೂಲೆಗೂ ಹೊಡೆದೆ. ಎದುರಿಗೆ ಕಂಡವು ಸತ್ತವು. ವಾರದಲ್ಲಿ ಮತ್ತೆ ಅಷ್ಟೇ ಜೇಡ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು: ಹಾಸಿನ ಮೇಲೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನ ಮೇಲೆ, ಸ್ಪ್ರೇ ಹನಿ ಬಿದ್ದು ಎಣ್ಣೆಯಂಥ ಕಲೆ ಆಯಿತು. ಆ ಸೀರೆಗೆ ಪೂರ್ತಿ ಬೆಲೆ ಸಿಗಲಿಲ್ಲ.

ಸ್ಪ್ರೇ ಯಾಕೆ ಹಿಡಿಯುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಜಿರಳೆ ನೆಲಕ್ಕೆ ಮೈ ತಾಗಿಸಿಕೊಂಡು ಓಡಾಡುತ್ತದೆ, ಮೀಸೆ, ಕಾಲು ಬಾಯಿಂದ ಸವರಿಕೊಳ್ಳುತ್ತದೆ. ಹೀಗೆ ಗೋಡೆಗೆ ಹೊಡೆದ ಔಷಧಿ ಅದರ ಹೊಟ್ಟೆಗೆ ಹೋಗುತ್ತದೆ. ಜೇಡ ಹಾಗಲ್ಲ. ಮೈ ಎತ್ತಿಕೊಂಡು ಎಂಟು ಕಾಲಿನ ತುದಿಯಲ್ಲಿ ನಡೆಯುತ್ತದೆ. ನೇರವಾಗಿ ಮೈಮೇಲೆ ಬಿದ್ದರೇ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನು ಮೊಟ್ಟೆಗಳು ನೂಲಿನ ಚೀಲದೊಳಗೆ ಬೆಚ್ಚಗೆ ಇರುತ್ತವೆ, ಅವಕ್ಕೆ ಏನೂ ಆಗುವುದಿಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಗುಳ್ಳೆ. ಒಂದು ಮಳೆಗಾಲದಲ್ಲಿ ನಮ್ಮ ಮನೆಯವರ ಕುತ್ತಿಗೆ ಮೇಲೆ ಬೆಂಕಿ ತಾಗಿದ ಹಾಗೆ ಕೆಂಪು ಗೆರೆ ಎದ್ದಿತು. ಮರುದಿನ ಅದರ ತುಂಬ ಸಣ್ಣ ಸಣ್ಣ ಗುಳ್ಳೆ, ಉರಿ ಬೇರೆ. ಅತ್ತೆ ನೋಡಿದವರೇ, "ಜ್ಯಾಡ ಉಚ್ಚಿ ಹೊಯ್ದೈತಿ, ಮತ್ತೇನಲ್ಲ" ಅಂದರು. ನಾನೂ ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವಳು. ಆದರೆ ಡಾಕ್ಟರ್ ನೋಡಿ, ಇದು ಜೇಡದ್ದಲ್ಲ ಅಂದರು. ಮಳೆ ಬಿದ್ದ ಮೇಲೆ ರಾತ್ರಿ ಲೈಟಿಗೆ ಬರುವ ಒಂದು ಸಣ್ಣ ಹುಳ ಇದೆಯಂತೆ. ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ಮೈ ಕಿತ್ತಳೆ ಬಣ್ಣ, ತಲೆ ಮತ್ತು ಬಾಲದ ತುದಿ ಕಪ್ಪು. ಅದು ಕಚ್ಚುವುದಿಲ್ಲ. ಕುತ್ತಿಗೆ ಮೇಲೆ ಕೂತಾಗ ನಾವು ಗೊತ್ತಿಲ್ಲದೆ ಉಜ್ಜಿಬಿಡುತ್ತೇವೆ. ಅದರ ಮೈಯೊಳಗಿನ ರಸ ಚರ್ಮ ಸುಡುತ್ತದೆ. ಉರಿ ತಕ್ಷಣ ಬರುವುದಿಲ್ಲ, ಅರ್ಧ ದಿನ ಇಲ್ಲವೇ ಒಂದು ದಿನ ಬಿಟ್ಟು ಬರುತ್ತದೆ. ಅಷ್ಟರಲ್ಲಿ ಹುಳ ಎಲ್ಲೋ ಹೋಗಿರುತ್ತದೆ. ಗೋಡೆ ಮೇಲೆ ಕಾಣುವುದು ಜೇಡ ಮಾತ್ರ. ಹಾಗಾಗಿ ತಪ್ಪೆಲ್ಲ ಅದರ ತಲೆಗೆ.

ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಜನ ಈ ಗುಳ್ಳೆಗೆ ಏನೇನೋ ಸೊಪ್ಪು ಅರೆದು ಹಚ್ಚಿ ಗಾಯ ದೊಡ್ಡದು ಮಾಡಿಕೊಳ್ಳುತ್ತಾರೆ. ಅಂಥ ಹುಳ ಮೈಮೇಲೆ ಕೂತರೆ ಜಜ್ಜಬೇಡಿ, ಊದಿ ಹಾರಿಸಿ. ಆ ಜಾಗವನ್ನು ತಕ್ಷಣ ಸೋಪು ಹಚ್ಚಿ ತೊಳೆಯಿರಿ. ಮಲಗುವ ಮುಂಚೆ ಕೌದಿ, ಟವೆಲ್ ಜಾಡಿಸಿ. ಸೊಂಟ ಇಲ್ಲವೇ ಎದೆಯ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಗುಳ್ಳೆ ಎದ್ದು ಒಳಗೆ ನೋವಿದ್ದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೂ ಜೇಡಕ್ಕೂ ಸಂಬಂಧವಿಲ್ಲ. ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಅವತ್ತು ರಾತ್ರಿ ಮನೆಗೆ ಬಂದು ಬಾಗಿಲ ಮೇಲಿನ ಟ್ಯೂಬ್‌ಲೈಟ್ ನೋಡಿದೆ. ಸುತ್ತಲೂ ಹುಳಗಳ ಮುತ್ತಿಗೆ. ಅದರ ಪಕ್ಕದಲ್ಲೇ ಮೂರು ಬಲೆ. ಜೇಡ ಬರುವುದು ಹೊಟ್ಟೆಗಾಗಿ ಅಲ್ವಾ? ನಾನು ದಿನಾ ಸಂಜೆ ಬಾಗಿಲು ತೆರೆದಿಟ್ಟು, ಲೈಟ್ ಹಚ್ಚಿ, ಅದಕ್ಕೆ ಊಟ ಬಡಿಸುತ್ತಿದ್ದೆ.

ಬೆಳಕಿನಿಂದಲೇ ಶುರು ಮಾಡಿದೆ. ಬಾಗಿಲ ಮೇಲಿನ ಬಿಳಿ ಟ್ಯೂಬ್ ತೆಗೆಸಿ ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಬಲ್ಬ್ ಹಾಕಿಸಿದೆ. ಹಳದಿ ಬೆಳಕಿಗೆ ಹುಳ ಕಡಿಮೆ ಬರುತ್ತವೆ. ಮಗ್ಗಕ್ಕೆ ಬಿಳಿ ಬೆಳಕು ಬೇಕೇ ಬೇಕು, ಇಲ್ಲದಿದ್ದರೆ ಎಳೆ ಕಾಣುವುದಿಲ್ಲ. ಅದನ್ನು ಗೋಡೆಯಿಂದ ಬಿಡಿಸಿ ಮಗ್ಗದ ನೇರಕ್ಕೆ ತಗ್ಗಿಸಿ ಕಟ್ಟಿದೆವು. ಹೊತ್ತು ಮುಳುಗುವ ಮುಂಚೆ ಬಾಗಿಲು ಮುಚ್ಚಿ, ಆಮೇಲೆ ಲೈಟ್ ಹಚ್ಚುತ್ತೇವೆ. ಒಂದು ತಿಂಗಳಲ್ಲೇ ಫರಕು ಕಂಡಿತು.

ಎರಡನೆಯದು ಸಂದಿ. ಇಲ್ಲಿ ಅತ್ತೆಯ ಮಾತು ನೂರಕ್ಕೆ ನೂರು ಸರಿ ಇತ್ತು. ಅವರ ಕಾಲದಲ್ಲಿ ಪ್ರತಿ ವರ್ಷ ಮಾರ್ನವಮಿಗೆ ಮುಂಚೆ ಮನೆಯ ಸಾಮಾನೆಲ್ಲ ಹೊರಗೆ ಹಾಕಿ, ಕೌದಿ ಒಗೆದು, ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ವರ್ಷಕ್ಕೊಂದು ಪದರ ಸುಣ್ಣ ಬಿದ್ದರೆ ಕಲ್ಲಿನ ಸಂದಿ ತಾನಾಗೇ ತುಂಬಿಕೊಳ್ಳುತ್ತದೆ, ಅಂಟಿದ ಮೊಟ್ಟೆಯೂ ಹೋಗುತ್ತದೆ. ನಾವು ಒಮ್ಮೆ ಡಿಸ್ಟೆಂಪರ್ ಹೊಡೆಸಿ ನಾಲ್ಕೈದು ವರ್ಷ ಗೋಡೆ ಮುಟ್ಟಿರಲಿಲ್ಲ. ಜಂತಿ ಗೋಡೆಗೆ ಸೇರುವ ಕಡೆ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಅಲ್ಲೆಲ್ಲ ಸುಣ್ಣ-ಮರಳಿನ ಗಾರೆ ತುಂಬಿಸಿ, ಮಗ್ಗದ ಮನೆಗೆ ಮತ್ತೆ ವರ್ಷಕ್ಕೊಮ್ಮೆ ಸುಣ್ಣ ಶುರು ಮಾಡಿದೆವು. ಮೇಲಿನ ಜಾಗಕ್ಕೆ ಬಳಿಯುವಾಗ ಕನ್ನಡಕ ಹಾಕಿಕೊಳ್ಳಿ, ಸುಣ್ಣ ಕಣ್ಣಿಗೆ ಬಿದ್ದರೆ ತುಂಬ ಅಪಾಯ. ಬೆಳಕಿಂಡಿಗೆ ಸೊಳ್ಳೆ ಜಾಲರಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಇವು ಒಂದು ದಿನದ ಕೆಲಸ.

ಇನ್ನು ಬಲೆ ತೆಗೆಯುವುದು. ಅಮಾವಾಸ್ಯೆಗೆ ನಾವು ಮಗ್ಗ ನಿಲ್ಲಿಸುತ್ತೇವೆ, ಅವತ್ತೇ ಕಸಬರಿಗೆ ಹಿಡಿಯುತ್ತಿದ್ದೆ. ತಿಂಗಳಿಗೊಮ್ಮೆ ಸಾಲುವುದಿಲ್ಲ. ಅಷ್ಟರಲ್ಲಿ ಮರಿ ಹೊರಬಂದು ಮೂಲೆ ಮೂಲೆಗೆ ಚದುರಿರುತ್ತಿದ್ದವು. ಹುಣ್ಣಿಮೆ, ಅಮಾವಾಸ್ಯೆ ಎರಡಕ್ಕೂ ಮಾಡತೊಡಗಿದ ಮೇಲೆ ಕಡಿಮೆಯಾದವು. ಒಣ ಕಸಬರಿಗೆಯಿಂದ ಬಡಿದರೆ ಬಲೆ ಹರಿಯುತ್ತದೆ, ಜೇಡ ಕೆಳಗೆ ಜಾರಿ ಓಡಿಹೋಗುತ್ತದೆ. ನಾನು ಬಿದಿರು ಗಳದ ತುದಿಗೆ ಹಳೇ ಕಾಟನ್ ಬಟ್ಟೆ ಸುತ್ತಿ, ಒದ್ದೆ ಮಾಡಿ, ಬಲೆಯನ್ನು ಕಂಡಿಕೆಗೆ ನೂಲು ಸುತ್ತಿದ ಹಾಗೆ ಸುತ್ತಿಕೊಳ್ಳುತ್ತೇನೆ. ಜೇಡವೂ ಅದರಲ್ಲೇ ಬರುತ್ತದೆ. ಬಟ್ಟೆಯನ್ನು ಸೋಪು ನೀರಿನ ಬಕೆಟ್ಟಿಗೆ ಅದ್ದುತ್ತೇನೆ. ಮೊದಲು ಹಾಸಿನ ಮೇಲೆ ಒಂದು ಹಳೇ ಸೀರೆ ಹೊದಿಸುವುದನ್ನು ಮರೆಯಬಾರದು.

ಉದ್ದ ಕಾಲಿನ ಬಡಕಲು ಜೇಡ ಇದೆಯಲ್ಲ, ಮುಟ್ಟಿದರೆ ಬಲೆ ಸಮೇತ ಗಡಗಡ ಅಲ್ಲಾಡುತ್ತದೆ, ನಮ್ಮ ಕುಣಿಯಲ್ಲಿ ಅದೇ ಜಾಸ್ತಿ. ಅದರ ತಾಯಿ ಮೊಟ್ಟೆ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಅದನ್ನು ಬಿಟ್ಟು ಬರೀ ಬಲೆ ತೆಗೆದರೆ ದಂಡ. ಗೋಡೆ ಮೇಲೆ ಓಡುವ ಅಂಗೈ ಅಗಲದ ಚಪ್ಪಟೆ ಜೇಡ ಬೇರೆ. ಅದು ಬಲೆ ಕಟ್ಟುವುದಿಲ್ಲ, ಜಿರಳೆ ಹಿಡಿದು ತಿನ್ನುತ್ತದೆ. ಹೊಟ್ಟೆ ಕೆಳಗೆ ಬಿಳಿ ಬಿಲ್ಲೆಯಂಥದ್ದನ್ನು ಹೊತ್ತಿದ್ದರೆ ಅದೇ ಮೊಟ್ಟೆ ಚೀಲ. ಅದನ್ನು ದೊಡ್ಡ ಡಬ್ಬಿಯಿಂದ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಹಿತ್ತಲಿಗೆ ಬಿಟ್ಟು ಬರುತ್ತೇನೆ.

ನಿಂಬೆ ಸಿಪ್ಪೆ ಇಟ್ಟು ನೋಡಿದೆ, ಕರ್ಪೂರ ಇಟ್ಟು ನೋಡಿದೆ. ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ. ಬೇವಿನ ಹೊಗೆಗೆ ಸೊಳ್ಳೆ ಹೋದವು, ಜೇಡ ಅಲ್ಲೇ ಇತ್ತು. ರೇಷ್ಮೆಗೆ ಹೊಗೆ ವಾಸನೆ ಹಿಡಿದಿದ್ದೇ ಬಂತು.

ಎಲ್ಲ ಜೇಡವನ್ನೂ ನಾನು ಓಡಿಸುವುದಿಲ್ಲ. ಕಿಟಕಿಯಲ್ಲಿ ಜಿಗಿಯುತ್ತ ನೊಣ ಹಿಡಿಯುವ ಸಣ್ಣದನ್ನು ಇರಲಿ ಬಿಡುತ್ತೇನೆ. ಮನೆಯೊಳಗೆ ನಾವು ದಿನಾ ನೋಡುವ ಜೇಡಗಳು ಮನುಷ್ಯರಿಗೆ ಅಪಾಯ ಮಾಡುವಂಥವಲ್ಲ. ಅಪರೂಪಕ್ಕೆ ಕಚ್ಚಿದರೂ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಕಾಗುತ್ತದೆ. ಬಾವು ಏರುತ್ತ ಹೋದರೆ, ಉಸಿರು ಕಟ್ಟಿದರೆ ಮಾತ್ರ ದವಾಖಾನೆಗೆ ಓಡಬೇಕು. ನಮ್ಮ ಅತ್ತೆಗಂತೂ ಜೇಡ ಕೊಲ್ಲುವುದೇ ಇಷ್ಟವಿಲ್ಲ. ಹಳೆಗಾಲದಲ್ಲಿ ನೇಕಾರರಿಗೂ ಜೇಡರು ಅಂತಲೇ ಹೆಸರು, ಜೇಡರ ದಾಸಿಮಯ್ಯನೂ ಮಗ್ಗದವನೇ. "ಅದೂ ನಮ್ಮಂಗ ನೇಯ್ದು ತಿನ್ನೂದು, ಹೊರಗ ಬಿಟ್ಟು ಬಾ" ಅನ್ನುತ್ತಾರೆ. ನನಗೂ ಆ ಮಾತು ಸರಿ ಅನಿಸುತ್ತದೆ.

ಈಗ ಕುಣಿಯಲ್ಲಿ ಕಾಲು ಇಳಿಸಿದರೆ ಬಲೆ ಹತ್ತುವುದಿಲ್ಲ. ಉಳಿದಿರುವುದು ಹಿತ್ತಲ ಬಾಗಿಲಿಗೆ ಒತ್ತಿ ಒಟ್ಟಿರುವ ಕಟ್ಟಿಗೆ. ಅದರೊಳಗಿಂದ ಈಗಲೂ ವಾರಕ್ಕೆ ಒಂದೆರಡು ಒಳಗೆ ಬರುತ್ತವೆ. ಗೋಡೆಯಿಂದ ನಾಲ್ಕು ಮಾರು ದೂರ ಕಲ್ಲಿನ ಮೇಲೆ ಒಟ್ಟಿ, ತಗಡು ಹೊದಿಸಬೇಕು. ಮೊದಲ ಮಳೆಗೆ ಮುಂಚೆ ಆ ಕೆಲಸ ಮುಗಿಸುತ್ತೇನೆ.