ಮೂವತ್ತನಾಲ್ಕು ಕುಂಡ, ಒಂದು ಡ್ರಮ್ಮು, ಎರಡು ಟೈಮರ್

ಈ ಮೇ ತಿಂಗಳಲ್ಲಿ ನಾವು ಹತ್ತೊಂಬತ್ತು ದಿನ ಧಾರವಾಡದಲ್ಲಿದ್ದೆವು. ಪುಣೆಯ ಮನೆಗೆ ಬೀಗ. ಕೀಲಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ವಾಪಸ್ ಬಂದವನು ಚಪ್ಪಲಿ ಕೂಡ ಬಿಡದೆ ಟೆರೇಸಿನ ಬಾಗಿಲು ತೆಗೆದೆ. 34 ಕುಂಡಗಳಲ್ಲಿ 33 ಹಸಿರಾಗಿದ್ದವು. ಮಲ್ಲಿಗೆಯ ಬುಡದಲ್ಲಿ ಒಣಗಿದ ಹೂವು ಹಾಸಿತ್ತು. ನಾವಿಲ್ಲದಾಗಲೂ ಅರಳಿ ಅರಳಿ ಉದುರಿದೆ ಅಂತಾಯಿತಲ್ವಾ. ಸತ್ತಿದ್ದು ಒಂದು ಪುದೀನ ಮಾತ್ರ. ಅದರ ಕಥೆ ಆಮೇಲೆ ಹೇಳುತ್ತೇನೆ.

ಇಷ್ಟು ಜಂಬದಿಂದ ಹೇಳುವುದಕ್ಕೆ ಕಾರಣ ನನ್ನ ಹೆಂಡತಿಯ ತಮ್ಮ. ಅವನದು ಊರಲ್ಲಿ ನಾಲ್ಕು ಎಕರೆ ಮೆಣಸಿನಕಾಯಿ, ಪೂರ್ತಿ ಡ್ರಿಪ್, ಅಂದರೆ ಹನಿ ನೀರಾವರಿ. ಡ್ರಮ್ಮಿನಿಂದ ಕುಂಡಗಳಿಗೆ ತಾನಾಗಿಯೇ ಹನಿ ನೀರು ಹೋಗುವಂತೆ ಮಾಡುವ ನನ್ನ ಪ್ಲಾನು ಕೇಳಿ ಹೋದ ವರ್ಷ ಫೋನಿನಲ್ಲೇ ನಕ್ಕಿದ್ದ. "ಮಾಮಾ, ನಾಕ ಫೂಟ ಎತ್ತರದಾಗ ಡ್ರಮ್ಮ ಇಟ್ರ ಡ್ರಿಪ್ ನಡೀತದನ್ರಿ? ಪಂಪ್ ಇಲ್ದ ಆಗೂದಲ್ಲ ಬಿಡ್ರಿ ಅದು." ಹೆಂಡತಿಯದು ಇನ್ನೂ ಖಡಕ್ ಮಾತು. "ಊರಿಗೆ ಹೋಗೂದರ ಹೋಗೂಣು, ಗಿಡಾ ಇಡೂದರ ಇಡೂಣು. ಎರಡೂ ಆಗಂಗಿಲ್ಲರೀ." ಆಕೆ ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಅದಕ್ಕೂ ಹಿಂದಿನ ಮೇ ತಿಂಗಳಲ್ಲಿ ವಾಚ್‌ಮನ್‌ಗೆ 500 ರೂಪಾಯಿ ಕೊಟ್ಟು ಹೋಗಿದ್ದೆವು. ಬಂದು ನೋಡಿದರೆ ಹನ್ನೊಂದು ಗಿಡ ಕಟ್ಟಿಗೆ.

ನಮ್ಮದು ಸಿಂಹಗಡ ರಸ್ತೆಯ ಕಡೆ ಏಳು ಮಹಡಿಯ ಕಟ್ಟಡ, ನಾವು ನಾಲ್ಕರಲ್ಲಿ. ಟೆರೇಸಿನ ಅರ್ಧಕ್ಕೆ ಮೇಲಿನ ಮನೆಯ ಸ್ಲ್ಯಾಬು ಇದೆ, ಉಳಿದರ್ಧ ಬಯಲು. ಪುಣೆಯ ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ. ನಲವತ್ತರ ಹತ್ತಿರ ಕಾಯುತ್ತದೆ, ಗಾಳಿಯೂ ಒಣ. ಹತ್ತಿಂಚಿನ ಕುಂಡ ಎರಡು ದಿನ ನೀರಿಲ್ಲದೆ ಇರುವುದಿಲ್ಲ.

ಬಾಟಲಿ ತಲೆಕೆಳಗೆ ಸಿಕ್ಕಿಸುವುದರಿಂದ ಎಲ್ಲರಂತೆ ನಾನೂ ಶುರು ಮಾಡಿದೆ. ಒಂದು ಕುಂಡದಲ್ಲಿ ಅರ್ಧ ಗಂಟೆಗೆ ಖಾಲಿ, ಇನ್ನೊಂದರಲ್ಲಿ ನಾಲ್ಕು ದಿನವಾದರೂ ಒಂದಿಂಚು ಇಳಿದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಆಮೇಲೆ ಹಳೆ ಪಂಚೆ ಹರಿದು ಬತ್ತಿ ಮಾಡಿದೆ. ಬಕೆಟ್‌ನಲ್ಲಿ ಒಂದು ತುದಿ, ಮಣ್ಣಿನಲ್ಲಿ ಒಂದು ತುದಿ. ಮೊದಲ ವಾರ ಭಾರಿ ಖುಷಿ. ಎರಡನೇ ವಾರ ಬಿಸಿಲಿಗೆ ಬತ್ತಿ ನಡುವೆ ಒಣಗಿ ಸೆಟೆದುಕೊಂಡಿತು. ಹತ್ತಿಗಿಂತ ನೈಲಾನ್ ಹಗ್ಗ ವಾಸಿ ಅಂತ ಆಮೇಲೆ ಗೊತ್ತಾಯಿತು. ಆದರೆ 34 ಕುಂಡಕ್ಕೆ 34 ಬತ್ತಿ ಎಳೆದರೆ ಟೆರೇಸಿನಲ್ಲಿ ಕಾಲಿಡಲು ಜಾಗ ಬೇಡವೇ?

ಮೂರನೆಯದು ಪಂಪು. ಕೂಲರಿಗೆ ಹಾಕುವ 18 ವಾಟ್‌ನ ಸಣ್ಣ ಪಂಪು, ಸುಮಾರು 350 ರೂಪಾಯಿ. ಜೊತೆಗೆ ಪ್ಲಗ್ಗಿಗೆ ಸಿಕ್ಕಿಸುವ ಟೈಮರ್. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಎರಡೂ ಸಿಕ್ಕವು. ಅರವತ್ತು ಲೀಟರಿನ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಪಂಪು ಮುಳುಗಿಸಿದೆ. ಬೆಳಗ್ಗೆ ಆರಕ್ಕೆ ಐದು ನಿಮಿಷ ಅಂತ ಸೆಟ್ ಮಾಡಿ ಮಲಗಿದೆ. ಐದು ನಿಮಿಷಕ್ಕೆ ಪಂಪು ನಿಂತಿತು, ನೀರು ನಿಲ್ಲಲಿಲ್ಲ! ಡಬ್ಬಿ ಮೇಲೆ, ಕುಂಡ ಕೆಳಗೆ. ಒಮ್ಮೆ ಪೈಪು ತುಂಬಿಕೊಂಡರೆ ಸೈಫನ್ ತಾನೇ ಎಳೆಯುತ್ತದೆ. ನನಗಿದು ಗೊತ್ತಿಲ್ಲದ ವಿಷಯವಲ್ಲ, ಬೈಕಿನಿಂದ ಪೆಟ್ರೋಲ್ ಎಳೆದವನೇ ನಾನೂ. ಆದರೂ ಹೊಳೆಯಲಿಲ್ಲ. ಅರವತ್ತು ಲೀಟರೂ ಇಳಿದು ಕೆಳಗಿನ ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಒಣಗಲು ಹಾಕಿದ್ದ ಕುರಡಿಗೆ ಸಂಡಿಗೆಯ ಮೇಲೆ ಹೋಯಿತು. ಮರುದಿನ ಖಾಲಿ ಡಬ್ಬಿಯಲ್ಲಿ ಪಂಪು ಒಣಗಿ ಓಡಿ ಸುಟ್ಟಿತು. ಕಾಕೂಗೆ ಒಂದು ಕಿಲೋ ಕುರಡಿಗೆ ಕೊಂಡು ಕೊಟ್ಟೆ. ಅದರ ಲೆಕ್ಕ ಹಿಡಿದಿಲ್ಲ. ಡಬ್ಬಿಯೊಳಗೆ, ನೀರಿನ ಮಟ್ಟಕ್ಕಿಂತ ಮೇಲೆ, ಪೈಪಿಗೊಂದು ಸಣ್ಣ ತೂತು ಹಾಕಿದ್ದರೆ ಗಾಳಿ ಸೇರಿ ಸೈಫನ್ ಕಡಿಯುತ್ತಿತ್ತು. ಪಂಪಿನ ದಾರಿ ಹಿಡಿಯುವವರು ಇದೊಂದನ್ನು ಮರೆಯಬೇಡಿ.

ನಾಲ್ಕನೆಯ ಸಲ ಬ್ಯಾಟರಿಯ ನಲ್ಲಿ ಟೈಮರ್ ತರಿಸಿದೆ, 1,900 ಚಿಲ್ಲರೆ. ಈ ಸಲ ಪಂಪೇ ಬೇಡ, ಡ್ರಮ್ಮು ಎತ್ತರಕ್ಕೆ ಇಟ್ಟು ಅದರ ಬಾಯಿಗೆ ಟೈಮರ್ ಹಾಕಿದೆ. ಟೈಮಿಗೆ ಸರಿಯಾಗಿ 'ಟಕ್' ಅಂತು. ನೀರು ಬರಲಿಲ್ಲ. ಮೂರು ದಿನ ಟಕ್ ಟಕ್ ಅಂದುಕೊಂಡೇ ಇತ್ತು. ಮಾರಿದವರಿಗೆ ಫೋನ್ ಮಾಡಿದರೆ "ನಿಮ್ಮ ನಲ್ಲಿಗೆ ಪ್ರೆಷರ್ ಇಲ್ಲ" ಅಂದರು, ವಾಪಸ್ ತೆಗೆದುಕೊಳ್ಳಲಿಲ್ಲ. ಸಿಟ್ಟಿನಿಂದ ಡಬ್ಬದ ಮೇಲಿನ ಇರುವೆ ಗಾತ್ರದ ಅಕ್ಷರ ಓದಿದೆ. ಕಡಿಮೆ ಅಂದರೂ ಅರ್ಧ ಕೇಜಿ (ಚದರ ಸೆಂಟಿಮೀಟರಿಗೆ) ಪ್ರೆಷರ್ ಬೇಕಂತೆ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಕೇಜಿ. ನನ್ನ ಡ್ರಮ್ಮು ಇದ್ದಿದ್ದು ಒಂದೂಕಾಲು ಮೀಟರ್ ಮೇಲೆ. ಎಲ್ಲಿಂದ ಬರಬೇಕು?

ಸರಿ, ಪ್ರೆಷರ್ ತಾನೇ ಬೇಕು ಅಂತ ಅದೇ ಟೈಮರನ್ನು ಟೆರೇಸಿನ ನಲ್ಲಿಗೇ ಹಾಕಿ ನೇರ ಲೈನ್ ಎಳೆದೆ. ಏಳನೇ ಮಹಡಿಯ ಮೇಲಿನ ಟ್ಯಾಂಕಿನ ನೀರು, ಒಂದು ಕೇಜಿಗಿಂತ ಜಾಸ್ತಿಯೇ ಇತ್ತು. ಹತ್ತು ದಿನ ಚೆನ್ನಾಗಿ ನಡೆಯಿತು. ಊರೆಲ್ಲ ಹೇಳಿಕೊಂಡು ತಿರುಗಿದೆ. ಹನ್ನೊಂದನೇ ದಿನ ಬಿಸಿಲಿಗೆ ಮೆತ್ತಗಾದ ಮೈಕ್ರೋ ಟ್ಯೂಬು (ಕುಂಡಕ್ಕೆ ಹೋಗುವ ತೆಳು ಪೈಪು) ಜಾಯಿಂಟಿನಿಂದ ಕಿತ್ತು ಹಾರಿ ಕಾರಂಜಿ ಎದ್ದಿತು. ಮತ್ತೆ ಕಾಕೂ. ಈ ಸಲ ಸೊಸೈಟಿಯಿಂದ ಕಾಗದವೂ ಬಂತು. ಮನೆಯಲ್ಲಿ ಎರಡು ತಿಂಗಳು ಪೈಪಿನ ಸುದ್ದಿ ಎತ್ತುವಂತಿರಲಿಲ್ಲ.

ಆ ಎರಡು ತಿಂಗಳು ಸುಮ್ನೆ ಕೂರಲಿಲ್ಲ. ಟೈಮರ್‌ಗಳಲ್ಲಿ ಎರಡು ಜಾತಿ ಅಂತ ಆಗ ತಲೆಗೆ ಹೋಯಿತು. ನನ್ನ ಹತ್ತಿರ ಇದ್ದದ್ದು ಸೊಲೆನಾಯ್ಡ್ ಜಾತಿ. ಅದರೊಳಗಿನ ರಬ್ಬರ್ ಪೊರೆಯನ್ನು ಎತ್ತಲು ನೀರೇ ಒತ್ತಬೇಕು. ಇನ್ನೊಂದು ಬಾಲ್ ವಾಲ್ವ್ ಜಾತಿ. ಅದರಲ್ಲಿ ಸಣ್ಣ ಮೋಟಾರು ಒಂದು ತೂತಿನ ಗುಂಡನ್ನು ತಿರುಗಿಸುತ್ತದೆ, ನೀರು ಒತ್ತಲಿ ಬಿಡಲಿ ದಾರಿ ತೆರೆಯುತ್ತದೆ. ಅಂಗಡಿಯಲ್ಲಿ ಗೊತ್ತಾಗದಿದ್ದರೆ ಬ್ಯಾಟರಿ ಹಾಕಿಸಿ ಕಿವಿಗಿಟ್ಟುಕೊಳ್ಳಿ. ಟಕ್ ಅಂದರೆ ಸೊಲೆನಾಯ್ಡ್. ಗುರ್ರ್ ಅಂತ ಕೆಲವು ಸೆಕೆಂಡು ಸದ್ದು ಮಾಡಿದರೆ ಬಾಲ್. ಡ್ರಮ್ಮಿಗೆ ಬೇಕಾದ್ದು ಗುರ್ರ್ ಅನ್ನುವುದು. ಸುಮಾರು 2,200 ಕೊಟ್ಟೆ.

ಈಗಿರುವ ವ್ಯವಸ್ಥೆ ಹೀಗಿದೆ. ನೂರು ಲೀಟರಿನ ನೀಲಿ ಡ್ರಮ್ಮು. ವೆಲ್ಡಿಂಗಿನವನ ಹತ್ತಿರ ಮಾಡಿಸಿದ ನಾಲ್ಕಡಿ ಸ್ಟ್ಯಾಂಡು, ಗೋಡೆಗೆ ಬೋಲ್ಟ್ ಹೊಡೆದದ್ದು. ಡ್ರಮ್ಮಿನ ಬಾಯಿಗೆ ಗುರ್ರ್ ಟೈಮರ್, ಬೆಳಗ್ಗೆ ಆರು ನಿಮಿಷ, ಸಂಜೆ ಆರು ನಿಮಿಷ. ನನಗೆ ಹೆಮ್ಮೆ ಇರುವುದು ಇದರ ಮುಂದಿನದರ ಬಗ್ಗೆ. ಮೂಲೆ ಸೇರಿದ್ದ ಟಕ್ ಟೈಮರನ್ನು ಮತ್ತೆ ನಲ್ಲಿಗೆ ಹಾಕಿದೆ, ಆದರೆ ಗಿಡಕ್ಕಲ್ಲ, ಡ್ರಮ್ಮು ತುಂಬಲು. ದಿನಕ್ಕೊಮ್ಮೆ ಮೂರೇ ನಿಮಿಷ, ಸುಮಾರು 25 ಲೀಟರ್. ಡ್ರಮ್ಮು ತುಂಬಿದರೆ ನೀರನ್ನು ತಾನೇ ನಿಲ್ಲಿಸುವ ಫ್ಲೋಟ್ ವಾಲ್ವೂ ಒಳಗಿದೆ. ನಾವು ಊರಲ್ಲಿದ್ದಾಗ ಯಾವ ಪೈಪು ಎಲ್ಲಿ ಕಿತ್ತು ಬಂದರೂ ಹೆಚ್ಚೆಂದರೆ ಡ್ರಮ್ಮಿನಲ್ಲಿದ್ದ ನೀರು ಹೋಗುತ್ತದೆ, ಆಮೇಲೆ ದಿನಕ್ಕೆ 25 ಲೀಟರ್. ನಲ್ಲಿ ತೆರೆದಿಟ್ಟು ಹೋದಂತೆ ಕಟ್ಟಡದ ಟ್ಯಾಂಕೇ ಖಾಲಿಯಾಗುವ ಭಯವಿಲ್ಲ. ರಿಪೇರಿ ಅಂತ ಗುರುವಾರ ನೀರು ಬಂದ್ ಆದರೂ ಡ್ರಮ್ಮಿನಲ್ಲಿ ನಾಲ್ಕು ದಿನದ ಸರಕು ಇರುತ್ತದೆ.

ಪೈಪು, ಹನಿ ಬಿಡುವ ಡ್ರಿಪ್ಪರ್ ಎಲ್ಲ ಮಾರ್ಕೆಟ್ ಯಾರ್ಡ್ ಕಡೆಯ ಕೃಷಿ ಸಾಮಾನಿನ ಅಂಗಡಿಯಲ್ಲಿ ತಂದೆ. ಅಂಗಡಿಯವನು "ಕಿತೀ ಏಕರ್, ಸಾಹೇಬ್?" (ಎಷ್ಟು ಎಕರೆ) ಅಂದ. "ಚೌತೀಸ್ ಕುಂಡ್ಯಾ" (ಮೂವತ್ತನಾಲ್ಕು ಕುಂಡ) ಅಂದೆ. ನಕ್ಕು ಚಹಾ ತರಿಸಿದ. ಆನ್‌ಲೈನ್ ಕಿಟ್‌ಗೆ 1,200 ಕೊಡಬೇಕಾಗಿದ್ದ ಸಾಮಾನು ಅಲ್ಲಿ 450ಕ್ಕೆ ಮುಗಿಯಿತು, ಬಿಡಿ ಭಾಗಗಳೂ ಸೇರಿ. ಅಲ್ಲೂ ಒಂದು ಪೆಟ್ಟು ತಿಂದೆ ಅನ್ನಿ. ಒಳ್ಳೆಯದು ಅಂತ ಮೊದಲು ಪ್ರೆಷರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ (ಪ್ರೆಷರ್ ಹೆಚ್ಚುಕಡಿಮೆಯಾದರೂ ಸಮ ನೀರು ಕೊಡುವಂಥದ್ದು) 50 ಕೊಂಡಿದ್ದೆ. ಅವು ನನ್ನ ಪ್ರೆಷರಿಗೆ ಬಾಯಿಯೇ ಬಿಡಲಿಲ್ಲ. ಸಾದಾ ಬಟನ್ ಡ್ರಿಪ್ಪರೇ ಬೇಕು, ಅದರಲ್ಲೂ ಗಂಟೆಗೆ 8 ಲೀಟರಿನದು. ಅದು 8 ಕೊಡುವುದು ಒಂದು ಕೇಜಿ ಪ್ರೆಷರಿಗೆ. ನನ್ನಲ್ಲಿ ಕೊಡುವುದು ಎರಡೂವರೆ. ಇದು ಊಹೆಯಲ್ಲ, ಒಂದು ಭಾನುವಾರ ಪೂರ್ತಿ ನೀರಿನ ಬಾಟಲಿ ಹಿಡಿದು ಅಳೆದಿದ್ದೇನೆ. ಅಂದರೆ ಒಂದು ಡ್ರಿಪ್ಪರಿಗೆ ದಿನಕ್ಕೆ ಅರ್ಧ ಲೀಟರ್. ಕುಂಡ ನೋಡಿ ಟೈಮು ಬದಲಿಸಲು ಬರುವುದಿಲ್ಲ, ಡ್ರಿಪ್ಪರ್ ಎಣಿಕೆ ಬದಲಿಸಬೇಕು. ಕರಿಬೇವಿಗೆ ಒಂದು, ಮಲ್ಲಿಗೆ ದಾಸವಾಳಕ್ಕೆ ಎರಡೆರಡು, ಅರ್ಧ ಡ್ರಮ್ಮಿನ ಲಿಂಬೆಗೆ ಮೂರು. ಲೋಳೆಸರಕ್ಕೆ ಇಲ್ಲವೇ ಇಲ್ಲ. ಒಟ್ಟು 46 ಡ್ರಿಪ್ಪರ್, 23-24 ಲೀಟರ್.

ಡ್ರಮ್ಮಿನ ಪಕ್ಕದ ಕುಂಡಕ್ಕೂ ಕೊನೆಯ ಮೂಲೆಯ ಕುಂಡಕ್ಕೂ ಸಮ ನೀರು ಹೋಗುವಂತೆ ಮಾಡಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಎಂಟು ತಿಂಗಳು ಸವೆಸಿದ್ದೇನೆ, ಇಲ್ಲಿ ಹೇಳುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ. ಫಿಲ್ಟರ್ ಕೂಡ ಅಂಗಡಿಯದಲ್ಲ, ಅಡುಗೆಮನೆಯ ಒಂದು ಸಾಮಾನು. ಯಾವುದು ಅಂತ ಹೆಂಡತಿಗೂ ಇನ್ನೂ ಗೊತ್ತಾಗಿಲ್ಲ, ಹುಡುಕುತ್ತಿದ್ದಾಳೆ.

ಕೆಟ್ಟಿದ್ದನ್ನೂ ಹೇಳಬೇಕಲ್ವಾ. ಬೇಸಿಗೆಯಲ್ಲಿ ನಮ್ಮಲ್ಲಿ ಟ್ಯಾಂಕರ್ ನೀರು ಬರುತ್ತದೆ. ಬೋರ್‌ವೆಲ್ಲಿನ ಗಡುಸು ನೀರು. ಎರಡು ತಿಂಗಳಿಗೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿತು. ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್) ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬಿಡುತ್ತದೆ. ಬಟನ್ ಬಿಚ್ಚಲು ಬರುವಂಥದ್ದನ್ನೇ ಕೊಳ್ಳಿ. ಪಾರದರ್ಶಕ ಪೈಪಿನಲ್ಲಿ ಪಾಚಿ ಬೆಳೆಯುತ್ತದೆ, ಕಪ್ಪು ಪೈಪೇ ಸರಿ.

ಜೀವಾಮೃತದ ಪ್ರಯೋಗವನ್ನೂ ಮಾಡಿದೆ. ನೀರು ಹೇಗೂ ತಾನೇ ಹೋಗುತ್ತದೆ, ಗೊಬ್ಬರವೂ ಹೋಗಲಿ ಅಂತ ಸಗಣಿ, ಬೆಲ್ಲ, ಕಡಲೆಹಿಟ್ಟು ಎಲ್ಲ ಕಲಸಿ ಕೊಳೆಸಿ, ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಸುರಿದೆ. ಮೂರನೇ ದಿನಕ್ಕೆ 46ರಲ್ಲಿ ಮೂವತ್ತಕ್ಕಿಂತ ಜಾಸ್ತಿ ಬಂದ್. ಬೆಲ್ಲಕ್ಕೆ ಇರುವೆ ಸಾಲು ಬೇರೆ. ವಾಸನೆಯ ಬಗ್ಗೆ ಕಾಕೂ ಈ ಸಲ ಏನೂ ಅನ್ನಲಿಲ್ಲ, ಕಿಟಕಿ ಹಾಕಿಕೊಂಡರು. ಈಗ ಗೊಬ್ಬರ ಕೈಯಲ್ಲೇ. ಸುಡದ ಬಣ್ಣವಿಲ್ಲದ ಮಡಕೆಯೊಂದನ್ನು ಲಿಂಬೆಯ ಬುಡದಲ್ಲಿ ಹೂತಿದ್ದು ಮಾತ್ರ ಇವತ್ತಿಗೂ ಇದೆ. ಸುಡದ ಅಂದೆನಲ್ಲ, ತಪ್ಪು. ಸುಟ್ಟ ಮಡಕೆಯೇ, ಬಣ್ಣ ಪಾಲಿಶ್ ಇಲ್ಲದ್ದು. ನೀರು ತುಂಬಿ ಮುಚ್ಚಿದರೆ ನಾಲ್ಕೈದು ದಿನ ಒಸರುತ್ತದೆ. ಟೈಮರ್ ಕೈಕೊಟ್ಟರೂ ಲಿಂಬೆ ಉಳಿಯಲಿ ಅಂತ ಇಟ್ಟಿದ್ದೇನೆ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ಕುಂಡಗಳಲ್ಲಿ ಇನ್ನೊಂದು ಕಾಟ. ಒಮ್ಮೆ ಪೂರ್ತಿ ಒಣಗಿದರೆ ಅದು ನೀರು ಹೀರುವುದಿಲ್ಲ, ಹನಿ ಅಂಚಿನಿಂದ ಜಾರಿ ತಳದಿಂದ ಹೊರಗೆ ಹೋಗುತ್ತದೆ. ಮೇಲೆ ಒದ್ದೆ, ಕೆಳಗೆ ಬೂದಿ. ಪುದೀನ ಸತ್ತಿದ್ದು ಹೀಗೆಯೇ. ಹೊರಡುವ ಮುಂಚೆ ಎಲ್ಲ ಕುಂಡಕ್ಕೂ ಕೈಯಾರೆ ತುಂಬ ನೀರು ಹಾಕಿ ನೆನೆಸಿದ್ದೆ, ಅದೊಂದು ಕಣ್ತಪ್ಪಿತ್ತು.

ಮಳೆಗಾಲದಲ್ಲೂ ಪಾಠ ಕಲಿತೆ. ಹೋದ ವರ್ಷ ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಟೈಮರ್ ಬಂದ್ ಮಾಡಿ ಮರೆತೆ. ಹೊರಗೆ ಧೋ ಅಂತ ಮಳೆ, ಸ್ಲ್ಯಾಬಿನ ಕೆಳಗಿನ ಆರು ಕುಂಡ ಒಣಗಿ ಕುಳಿತಿದ್ದವು! ಈಗ ಲೈನನ್ನು ಎರಡು ಭಾಗ ಮಾಡಿ ನಡುವೆ ನೀರು ನಿಲ್ಲಿಸುವ ಒಂದೊಂದು ಕಾಕ್ ಹಾಕಿದ್ದೇನೆ. ಬಯಲಿನದು ಬಂದ್, ಸ್ಲ್ಯಾಬಿನದು ಚಾಲೂ. ಬ್ಯಾಟರಿ ವಿಷಯದಲ್ಲಿ ಜಿಪುಣತನ ಬೇಡ. ವಾಲ್ವ್ ತೆರೆದಿದ್ದಾಗ ಬ್ಯಾಟರಿ ಸತ್ತರೆ ಅದು ತೆರೆದೇ ಉಳಿಯಬಹುದು. ಊರಿಗೆ ಹೊರಡುವ ಹಿಂದಿನ ದಿನ ಎರಡಕ್ಕೂ ಹೊಸದು ಹಾಕುತ್ತೇನೆ, ಹಳೆಯದು ಟಿವಿ ರಿಮೋಟಿಗೆ.

ತುಳಸಿಗೆ ಪೈಪು ಹಾಕಲು ಹೆಂಡತಿ ಬಿಟ್ಟಿಲ್ಲ. ಅದಕ್ಕೆ ಚೊಂಬಿನ ನೀರೇ ಆಗಬೇಕು. ಊರಿಗೆ ಹೊರಡುವಾಗ ಆಕೆ ಬ್ಯಾಗು ತುಂಬುತ್ತಿದ್ದಂತೆ ಕರಿಬೇವಿನ ಡ್ರಿಪ್ಪರನ್ನು ಕವಲು ಮಾಡಿ ತುಳಸಿಗೂ ಒಂದು ಎಳೆದುಬಿಡುತ್ತೇನೆ.

ಖರ್ಚು? ಈಗ ಟೆರೇಸಿನಲ್ಲಿರುವುದಕ್ಕೆ ಎರಡೂ ಟೈಮರ್, 1,600ರ ಸ್ಟ್ಯಾಂಡು, ಡ್ರಮ್ಮು ಸೇರಿ ಏಳು ಸಾವಿರದ ಆಸುಪಾಸು. ಕಲಿಯಲು ಸುಟ್ಟಿದ್ದು ಮೂರು ಸಾವಿರ ಇರಬಹುದು, ಮನೆಯಲ್ಲಿ ಒಂದೂವರೆ ಅಂತ ಹೇಳಿದ್ದೇನೆ.

ಬಂದ ದಿನವೇ 33 ಕುಂಡದ ಫೋಟೋ ಧಾರವಾಡಕ್ಕೆ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ರಾತ್ರಿ ಫೋನ್ ಬಂತು. ಮಳೆ, ಮೆಣಸಿನಕಾಯಿ ರೇಟು, ಎತ್ತಿನ ಕಾಲು ನೋವು ಎಲ್ಲ ಮಾತಾಡಿ ಮುಗಿಸಿ, ಇಡುವ ಹೊತ್ತಿಗೆ ಕೇಳಿದ: "ಮಾಮಾ, ಆ ಟೈಮರ್ ಯಾವ್ದು ತಗೋಬೇಕಂದ್ರಿ, ಟಕ್ ಅನ್ನೂದೋ, ಗುರ್ರ್ ಅನ್ನೂದೋ? ಅವ್ವನ ಹಿತ್ತಲಕ್ಕ ಒಂದು ಬೇಕಾಗಿತ್ತು."