ಮೂಲೆ ಸೇರಿದ್ದ ಲ್ಯಾಪ್‌ಟಾಪ್ ಮನೆಯ ಸರ್ವರ್ ಆದದ್ದು, ಮತ್ತು ಒಂದೇ ರಾತ್ರಿ ಖಾಲಿಯಾದ ಡಿಸ್ಕ್

ಮುಚ್ಚಳದ ಕೀಲು ಸಡಿಲಗೊಂಡು, ಕೀಲಿಮಣೆಯ ನಾಲ್ಕೈದು ಕೀಲಿಗಳು ಕೆಟ್ಟು ಮೂಲೆ ಸೇರಿದ್ದ ಒಂದು ಲ್ಯಾಪ್‌ಟಾಪ್ ಆರು ವರ್ಷಗಳಿಂದ ನಮ್ಮ ಮನೆಯ ಸರ್ವರ್ ಆಗಿ ಕೆಲಸ ಮಾಡುತ್ತಿದೆ. ಮನೆಮಂದಿಯ ಫೋನುಗಳಲ್ಲಿ ತೆಗೆದ ಚಿತ್ರಗಳು, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರಗಳು ಮತ್ತು ಹಳೆಯ ಧ್ವನಿಮುದ್ರಣಗಳು ಅದರಲ್ಲಿವೆ. ಅದನ್ನು ಕಟ್ಟಿ ನಿಲ್ಲಿಸಲು ನನಗೆ ಬೇಕಾದದ್ದು ಎರಡು ರಜಾದಿನಗಳು ಮಾತ್ರ. ಅದರಲ್ಲಿಟ್ಟದ್ದನ್ನು ಕಳೆದುಕೊಳ್ಳದಂತೆ ಇಟ್ಟುಕೊಳ್ಳುವುದನ್ನು ಕಲಿಯಲು ಮಾತ್ರ ಮೂರು ವರ್ಷ ಹಿಡಿಯಿತು. ಹೀಗಾಗಿ ಈ ಬರಹದ ಹೆಚ್ಚಿನ ಭಾಗ ಆ ಎರಡನೆಯ ಸಂಗತಿಗೇ ಮೀಸಲು.

ಮೊದಲು ನಾನು ಸರ್ವರ್ ಮಾಡಲು ಹೊರಟದ್ದು ಒಂದು ಹಳೆಯ ಡೆಸ್ಕ್‌ಟಾಪನ್ನು. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್‌ನಿಂದ ಅಳೆದಾಗ ಅದು ಏನೂ ಕೆಲಸವಿಲ್ಲದೆ ಸುಮ್ಮನಿರುವಾಗಲೂ 55 ವ್ಯಾಟ್ ಎಳೆಯುತ್ತಿತ್ತು. ಹಗಲಿರುಳು ಉರಿಯುವ ಯಂತ್ರಕ್ಕೆ ಈ ಸಂಖ್ಯೆಯನ್ನು ವರ್ಷದ 8,760 ಗಂಟೆಗಳಿಂದ ಗುಣಿಸಬೇಕಾಗುತ್ತದೆ, ಆಗ ಅದು ಸುಮಾರು 480 ಯೂನಿಟ್ ಆಗುತ್ತದೆ. ಲ್ಯಾಪ್‌ಟಾಪ್ ಎರಡು ಪುಟ್ಟ ಹೊರ ಡಿಸ್ಕ್‌ಗಳನ್ನು ಜೋಡಿಸಿಕೊಂಡೂ 9 ವ್ಯಾಟ್‌ಗಳಲ್ಲಿ ನಿಂತಿತು, ಅಂದರೆ ವರ್ಷಕ್ಕೆ 80 ಯೂನಿಟ್‌ಗಿಂತ ಕಡಿಮೆ. ಚಾರ್ಜಿಂಗ್‌ನ ನಷ್ಟವನ್ನೂ ಸೇರಿಸಿ 100 ಕಿ.ಮೀ.ಗೆ ಸುಮಾರು 16 ಯೂನಿಟ್ ಬೇಡುವ ನನ್ನ ವಿದ್ಯುತ್ ಕಾರಿಗೆ, ಹೀಗೆ ಉಳಿದ 400 ಯೂನಿಟ್‌ಗಳು 2,500 ಕಿ.ಮೀ. ಓಡಾಟಕ್ಕೆ ಸಾಕು. ಸರ್ವರ್‌ಗೆ ಯಾವ ಪ್ರೊಸೆಸರ್ ಬೇಕು, ಎಷ್ಟು ಮೆಮೊರಿ ಬೇಕು ಎಂದು ಚರ್ಚಿಸುವವರು ಮೊದಲು ಈ ಒಂದು ಗುಣಾಕಾರವನ್ನು ಮಾಡಿ ನೋಡುವುದು ಒಳಿತು ಎಂಬುದು ನನ್ನ ಅಭಿಪ್ರಾಯ.

ಲ್ಯಾಪ್‌ಟಾಪ್‌ನ ಇನ್ನೊಂದು ಅನುಕೂಲವೆಂದರೆ ಅದರ ಬ್ಯಾಟರಿ. ವಿದ್ಯುತ್ ಹೋದಾಗ ಬೇರೆ ಯುಪಿಎಸ್ ಇಲ್ಲದೆಯೇ ಯಂತ್ರ ಮುಂದುವರಿಯುತ್ತದೆ, ಅದರಿಂದಲೇ ವಿದ್ಯುತ್ ಪಡೆಯುವ ಹೊರ ಡಿಸ್ಕ್‌ಗಳೂ ನಿಲ್ಲುವುದಿಲ್ಲ. ಆದರೆ ಸದಾ ಚಾರ್ಜರ್‌ಗೆ ಜೋಡಿಸಿದ ಲಿಥಿಯಂ ಬ್ಯಾಟರಿ ಸದಾ ಶೇ 100ರಲ್ಲಿಯೇ ನಿಂತಿರುತ್ತದೆ, ಜೊತೆಗೆ ಯಂತ್ರದ ಬಿಸಿಯನ್ನೂ ಸಹಿಸಬೇಕಾಗುತ್ತದೆ. ಅದು ಬೇಗ ಸೊರಗಲು, ಕೆಲವೊಮ್ಮೆ ಉಬ್ಬಿಕೊಳ್ಳಲು, ಈ ಎರಡು ಕಾರಣಗಳೇ ಸಾಕು. ನನ್ನ ಮೊದಲ ಬ್ಯಾಟರಿ ಎರಡನೆಯ ವರ್ಷದಲ್ಲಿ ಉಬ್ಬಿ, ಸ್ಪರ್ಶಫಲಕವನ್ನು ಮೇಲಕ್ಕೆತ್ತಿದ ಮೇಲೆಯೇ ನಾನು ಎಚ್ಚೆತ್ತದ್ದು. ಈಗಿನ ಬ್ಯಾಟರಿ ಶೇ 60 ತಲುಪಿದೊಡನೆ ಚಾರ್ಜಿಂಗ್ ನಿಲ್ಲುವಂತೆ, ಯಂತ್ರವನ್ನು ನಡೆಸುವ ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಮಿತಿ ಹಾಕಿದ್ದೇನೆ. ಈ ಸೌಲಭ್ಯ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ, ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು. ಕಾರಿನಲ್ಲಿ ದಿನಬಳಕೆಗೆ ಶೇ 80ರ ಮಿತಿಯನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ ನನಗೆ ಅದೇ ರಸಾಯನಶಾಸ್ತ್ರ ಮೇಜಿನ ಮೇಲಿನ ಯಂತ್ರಕ್ಕೂ ಅನ್ವಯಿಸುತ್ತದೆಂದು ಹೊಳೆಯದೆ ಹೋದದ್ದು ಈಗಲೂ ನಗು ತರಿಸುತ್ತದೆ.

ಸಾಫ್ಟ್‌ವೇರ್‌ನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಬಗೆಯನ್ನು ಹಾಕಿದೆ, ಮುಚ್ಚಳ ಮುಚ್ಚಿದರೂ ಯಂತ್ರ ನಿದ್ರೆಗೆ ಜಾರದಂತೆ ಒಂದು ಸಾಲು ಬದಲಿಸಿದೆ, ಭದ್ರತಾ ಪರಿಷ್ಕರಣೆಗಳು ತಾವಾಗಿಯೇ ಬರುವಂತೆ ಮಾಡಿದೆ. ಹೊರಗಿನಿಂದ ತಲುಪುವ ದಾರಿಗೆ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಆರಂಭದಲ್ಲಿ ರೂಟರ್‌ನಲ್ಲಿ 22ನೇ ಪೋರ್ಟನ್ನು, ಅಂದರೆ ದೂರದಿಂದ ಲಾಗಿನ್ ಆಗಲು ಬಳಸುವ ಬಾಗಿಲನ್ನು, ತೆರೆದಿಟ್ಟಿದ್ದೆ. ಮರುದಿನ ಸರ್ವರ್ ಬರೆದಿಡುವ ದಾಖಲೆಯನ್ನು (ಲಾಗ್) ನೋಡಿದರೆ ಎಲ್ಲೆಲ್ಲಿಂದಲೋ ಬಂದ ಅಪರಿಚಿತ ಯಂತ್ರಗಳು ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ಬಡಿದಿದ್ದವು. ಈಗ ಹೊರಗೆ ತೆರೆದಿರುವುದು ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಗೂಢಲಿಪಿಯ ಖಾಸಗಿ ದಾರಿ, ಒಂದೇ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.6ನೇ ಆವೃತ್ತಿಯಿಂದ, ಅಂದರೆ 2020ರ ಮಾರ್ಚ್‌ನಿಂದ, ಅದು ಕರ್ನಲ್‌ನ ಒಳಗೇ ಬರುತ್ತದೆ. ಸರಿಯಾದ ಕೀಲಿ ಇಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ ಅಲ್ಲೊಂದು ಬಾಗಿಲಿದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ. ರೂಟರ್‌ಗೆ ಸಿಕ್ಕಿರುವ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್) ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದು ತಿಳಿಯಬೇಕು. ಅಂತಹ ಸಂಪರ್ಕದಲ್ಲಿ ರೂಟರ್‌ನಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ, ಹೊಸ ಬಗೆಯ ವಿಳಾಸವಾದ ಐಪಿವಿ6 ಅಥವಾ ಬಾಡಿಗೆಯ ಒಂದು ಸಣ್ಣ ಹೊರ ಯಂತ್ರದ ಮೂಲಕವೇ ದಾರಿ ಮಾಡಿಕೊಳ್ಳಬೇಕು. ಇಮೇಲ್ ಸರ್ವರನ್ನು ಮಾತ್ರ ಮನೆಯಲ್ಲಿ ನಡೆಸುವ ಆಸೆಯನ್ನು ನಾನು ಬೇಗನೆ ಬಿಟ್ಟೆ, ಏಕೆಂದರೆ ಮನೆಯ ಸಂಪರ್ಕದ ವಿಳಾಸದಿಂದ ಹೊರಟ ಪತ್ರವನ್ನು ದೊಡ್ಡ ಅಂಚೆ ಸೇವೆಗಳು ಹೆಚ್ಚಾಗಿ ಅನುಮಾನದಿಂದಲೇ ನೋಡುತ್ತವೆ.

ಇನ್ನು ಆ ರಾತ್ರಿಯ ವಿಷಯ. ನನ್ನ ವ್ಯವಸ್ಥೆ ಸರಳವಾಗಿತ್ತು: ಚಿತ್ರಗಳೆಲ್ಲ ಮೊದಲನೆಯ ಡಿಸ್ಕ್‌ನಲ್ಲಿ, ಪ್ರತಿ ರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಎಂಬ ನಕಲು ಸಲಕರಣೆ ಅದನ್ನು ಎರಡನೆಯ ಡಿಸ್ಕ್‌ಗೆ ನಕಲಿಸುತ್ತಿತ್ತು. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುವ ಆಯ್ಕೆಯನ್ನು ಸೇರಿಸಿದ್ದೆ, ಇಲ್ಲವಾದರೆ ಬೇಡವೆಂದು ತೆಗೆದ ಕಸವೆಲ್ಲ ಅಲ್ಲಿ ಉಳಿಯುತ್ತಿತ್ತು. ಹೊರ ಡಿಸ್ಕ್ ಸಿಗದಿದ್ದರೂ ಯಂತ್ರ ತಡೆಯಿಲ್ಲದೆ ಏಳಲಿ ಎಂಬ ಉದ್ದೇಶದಿಂದ ‘ನೋಫೇಲ್’ ಎಂಬ ಇನ್ನೊಂದು ಆಯ್ಕೆಯನ್ನೂ ಹಾಕಿದ್ದೆ. ಬೇರೆಬೇರೆಯಾಗಿ ನೋಡಿದರೆ ಎರಡೂ ವಿವೇಕದ ನಿರ್ಧಾರಗಳೇ.

ಒಂದು ಶನಿವಾರ ಸಂಜೆ ಪರಿಷ್ಕರಣೆ ಮುಗಿಸಿ ಯಂತ್ರವನ್ನು ಮರುಚಾಲನೆ ಮಾಡಿದೆ. ಅಷ್ಟರಲ್ಲಾಗಲೇ ಕೆಡತೊಡಗಿದ್ದ ಮೊದಲನೆಯ ಡಿಸ್ಕ್ ಈ ಬಾರಿ ಜೋಡಣೆಯಾಗಲಿಲ್ಲ, ಯಂತ್ರ ಮಾತ್ರ ನಾನು ಹೇಳಿಕೊಟ್ಟಂತೆ ತಕರಾರಿಲ್ಲದೆ ಎದ್ದಿತು. ಲಿನಕ್ಸ್‌ನಲ್ಲಿ ಹೊರ ಡಿಸ್ಕ್ ಒಂದು ಫೋಲ್ಡರ್‌ಗೆ ಜೋಡಣೆಯಾಗಿ (‘ಮೌಂಟ್’ ಆಗಿ) ಅದರೊಳಗೆ ತೆರೆದುಕೊಳ್ಳುತ್ತದೆ, ಆದ್ದರಿಂದ ಡಿಸ್ಕ್ ಇರಬೇಕಾದ ಜಾಗದಲ್ಲಿ ಉಳಿದದ್ದು ಖಾಲಿ ಫೋಲ್ಡರ್. ಓದುವಾಗ ದೋಷ ಕಂಡುಬಂದರೆ ಆರ್‌ಸಿಂಕ್ ಅಳಿಸುವ ಕೆಲಸವನ್ನು ತಾನಾಗಿಯೇ ಕೈಬಿಡುತ್ತದೆ, ಆದರೆ ಖಾಲಿ ಫೋಲ್ಡರ್ ಅದರ ಕಣ್ಣಿಗೆ ದೋಷವಲ್ಲ. ಮೂಲದಲ್ಲಿ ಏನೂ ಇಲ್ಲವೆಂದು ಓದಿಕೊಂಡ ಅದು ರಾತ್ರಿ ಎರಡು ಗಂಟೆಗೆ ಎರಡನೆಯ ಡಿಸ್ಕನ್ನೂ ಹಾಗೆಯೇ ಮಾಡಿತು. ಮರುದಿನ ಮಗಳು ಶಾಲೆಯ ಒಂದು ಚಿತ್ರ ಬೇಕೆಂದು ಹುಡುಕಿ, “ಅಪ್ಪಾ, ಇದರಲ್ಲಿ ಏನೂ ಇಲ್ವಲ್ಲ” ಎಂದಾಗ ನಾನು ಮೊದಲು ಅವಳು ತಪ್ಪು ಫೋಲ್ಡರ್ ತೆರೆದಿದ್ದಾಳೆಂದೇ ಭಾವಿಸಿದೆ.

ಆಗ ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಎರಡೂ ಡಿಸ್ಕ್‌ಗಳನ್ನು ತಕ್ಷಣ ಬಿಡಿಸಿ, ಅವುಗಳ ಮೇಲೆ ಒಂದಕ್ಷರವನ್ನೂ ಬರೆಯದೆ ಇಟ್ಟದ್ದು. ಕೆಟ್ಟ ಡಿಸ್ಕನ್ನು ಅಲ್ಲಿಯೇ ದುರಸ್ತಿ ಮಾಡುವ ಆದೇಶಗಳನ್ನು ಓಡಿಸಲು ಕೈ ತುರಿಸುತ್ತಿತ್ತು, ಓಡಿಸಲಿಲ್ಲ. ಹೊಸ ಡಿಸ್ಕ್ ತಂದು ಡಿಡಿರೆಸ್ಕ್ಯೂ ಎಂಬ ಸಲಕರಣೆಯಿಂದ ಅದಕ್ಕೆ ಪ್ರತಿ ತೆಗೆದೆ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಎತ್ತಿಟ್ಟುಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಮತ್ತೆ ಮತ್ತೆ ಮರಳುತ್ತದೆ, ಆದ್ದರಿಂದ ಸಾಯುತ್ತಿರುವ ಡಿಸ್ಕ್‌ಗೆ ಸಾಮಾನ್ಯ ನಕಲಿಗಿಂತ ಅದೇ ಮೇಲು. ಎರಡು ದಿನಗಳ ಕೊನೆಯಲ್ಲಿ ಹನ್ನೊಂದು ಚಿತ್ರಗಳ ಹೊರತು ಎಲ್ಲವೂ ಸಿಕ್ಕಿತು. ಆ ಹನ್ನೊಂದು ಅರ್ಧ ಭಾಗ ಬೂದು ಬಣ್ಣಕ್ಕೆ ತಿರುಗಿ ಇಂದಿಗೂ ಹಾಗೆಯೇ ಇವೆ.

ಹಿಂದಿರುಗಿ ನೋಡಿದಾಗ ಹೆಚ್ಚು ನಾಚಿಕೆಯಾದದ್ದು ಬೇರೊಂದು ವಿಷಯಕ್ಕೆ. ಡಿಸ್ಕ್‌ನ ಆರೋಗ್ಯ ಗಮನಿಸುವ ಸ್ಮಾರ್ಟ್ ವ್ಯವಸ್ಥೆ ಐದು ವಾರಗಳ ಹಿಂದೆಯೇ ಎಚ್ಚರಿಸಿತ್ತು. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳನ್ನು (ಡಿಸ್ಕ್‌ನ ಪುಟ್ಟ ತುಣುಕುಗಳನ್ನು) ಎಣಿಸುವ 197ನೇ ಅಂಶ ಸೊನ್ನೆಯಿಂದ ಮೇಲೇರಿದಾಗಲೇ ಅದು ಪತ್ರ ಬರೆದಿತ್ತು. ಆ ಪತ್ರ ಹೋಗಿ ಬಿದ್ದದ್ದು ಸರ್ವರ್‌ನ ಒಳಗೇ ಇರುವ, ನಾನು ಒಮ್ಮೆಯೂ ತೆರೆದಿರದ ಅಂಚೆಪೆಟ್ಟಿಗೆಗೆ. ಈಗ ಅಂತಹ ಎಚ್ಚರಿಕೆಗಳು ಫೋನಿಗೆ ಬರುತ್ತವೆ, ಮತ್ತು ನಕಲು ಕೆಲಸ ಸರಿಯಾಗಿ ಮುಗಿದ ಸುದ್ದಿಯೂ ದಿನಕ್ಕೊಮ್ಮೆ ಬರುತ್ತದೆ. ಏನೂ ಬಾರದ ದಿನ ಏನೋ ಕೆಟ್ಟಿದೆ ಎಂದರ್ಥ.

ವ್ಯವಸ್ಥೆಯನ್ನು ಬದಲಿಸುವಾಗ, ಮೂಲದಂತೆಯೇ ಸದಾ ಬದಲಾಗುವ ಪ್ರತಿಬಿಂಬ ಬೇರೆ, ಹಳೆಯ ಸ್ಥಿತಿಯನ್ನು ಉಳಿಸುವ ಬ್ಯಾಕಪ್ ಬೇರೆ ಎಂಬುದನ್ನು ಮೊದಲು ಒಪ್ಪಿಕೊಂಡೆ. ಎರಡು ಡಿಸ್ಕ್‌ಗಳನ್ನು ಜೋಡಿಯಾಗಿ ನಡೆಸುವ ರೇಡ್ ಕೂಡ ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆಯೇ ಹೊರತು, ತಪ್ಪಾಗಿ ಅಳಿಸಿದ್ದನ್ನು ಎರಡರಿಂದಲೂ ಒಟ್ಟಿಗೇ ಅಳಿಸುತ್ತದೆ. ಈಗ ರೆಸ್ಟಿಕ್ ಎಂಬ ಬ್ಯಾಕಪ್ ಸಲಕರಣೆಯನ್ನು ಬಳಸುತ್ತೇನೆ. ಅದು ಪ್ರತಿ ರಾತ್ರಿಯ ಸ್ಥಿತಿಯನ್ನು ಬೇರೆ ಬೇರೆಯಾಗಿ, ಗೂಢಲಿಪೀಕರಿಸಿ, ಪುನರಾವರ್ತನೆಯಿಲ್ಲದೆ ಇಟ್ಟುಕೊಳ್ಳುವುದರಿಂದ ಇವತ್ತು ಎಲ್ಲವೂ ಖಾಲಿಯಾದರೂ ನಿನ್ನೆಯ ಸ್ಥಿತಿಗೆ ಮರಳಬಹುದು. ಏಳು ದಿನಗಳ, ನಾಲ್ಕು ವಾರಗಳ ಮತ್ತು ಹನ್ನೆರಡು ತಿಂಗಳುಗಳ ಪ್ರತಿಗಳನ್ನು ಉಳಿಸಿ ಉಳಿದವನ್ನು ತೆಗೆಯುವಂತೆ ಹೇಳಿದ್ದೇನೆ. ಮೂಲ ಡಿಸ್ಕ್‌ನಲ್ಲಿ ಒಂದು ಗುರುತಿನ ಫೈಲನ್ನು ಇಟ್ಟಿದ್ದೇನೆ. ಅದು ಕಣ್ಣಿಗೆ ಬೀಳದಿದ್ದರೆ ನಕಲಿನ ಕೆಲಸ ಆರಂಭವೇ ಆಗುವುದಿಲ್ಲ. ಈ ಒಂದು ಸಾಲು ಅಂದು ಇದ್ದಿದ್ದರೆ ಎರಡನೆಯ ಡಿಸ್ಕ್ ಉಳಿದುಕೊಳ್ಳುತ್ತಿತ್ತು.

ಮೂರು ತಿಂಗಳಿಗೊಮ್ಮೆ ಯಾವುದಾದರೊಂದು ಹಳೆಯ ತಿಂಗಳ ಫೋಲ್ಡರನ್ನು ಬ್ಯಾಕಪ್‌ನಿಂದ ಬೇರೊಂದು ಯಂತ್ರಕ್ಕೆ ಮರಳಿ ಪಡೆದು, ಮೂಲದೊಂದಿಗೆ ಹೋಲಿಸುತ್ತೇನೆ. ಇದು ಬೇಸರದ ಕೆಲಸ, ನಿಜ. ಮೊದಲ ಬಾರಿ ಹೀಗೆ ಮಾಡಿದಾಗಲೇ ಧ್ವನಿಮುದ್ರಣಗಳ ಫೋಲ್ಡರ್ ಬ್ಯಾಕಪ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದು ತಿಳಿದದ್ದು, ಹಾಗಾಗಿ ಇದನ್ನು ತಪ್ಪಿಸುವುದಿಲ್ಲ.

ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿದೆ. ಹೋದಾಗಲೆಲ್ಲ ಒಂದು ಡಿಸ್ಕ್ ಕೊಟ್ಟು ಇನ್ನೊಂದನ್ನು ತರುತ್ತೇನೆ. ಅದೂ ಮೊದಲು ಗೂಢಲಿಪಿಯಲ್ಲಿಯೇ ಇತ್ತು. ನಾನಿಲ್ಲದಾಗ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಟ್ಟು, ಅದರಂತೆ ಒಂದು ಚಿತ್ರವನ್ನು ತೆಗೆದು ತೋರಿಸುವಂತೆ ಹೆಂಡತಿಯನ್ನು ಕೇಳಿದೆ. ಮೂರನೆಯ ಸಾಲಿನಲ್ಲಿಯೇ ನಿಂತ ಅವಳು, “ಮೌಂಟ್ ಮಾಡು ಅಂತ ಬರ್ದಿದ್ದೀರಲ್ಲ, ಏನನ್ನ ಎಲ್ಲಿಗೆ ಹತ್ತಿಸ್ಬೇಕು?” ಎಂದು ಕೇಳಿದಳು. ನನ್ನ ಬಳಿ ಒಂದು ಸಾಲಿನ ಉತ್ತರವಿರಲಿಲ್ಲ. ಅಂದಿನಿಂದ ಅಕ್ಕನ ಮನೆಯ ಡಿಸ್ಕ್‌ನಲ್ಲಿ ಚಿತ್ರಗಳು ಗೂಢಲಿಪಿಯಿಲ್ಲದೆ, ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ತೆರೆಯುವ ಎಕ್ಸ್‌ಫ್ಯಾಟ್ ರೂಪದಲ್ಲಿ, ವರ್ಷ ಮತ್ತು ತಿಂಗಳ ಹೆಸರಿನ ಸಾದಾ ಫೋಲ್ಡರ್‌ಗಳಲ್ಲಿ ಇವೆ. ಆ ಡಿಸ್ಕ್ ಕಳುವಾದರೆ ನಮ್ಮ ಮನೆಯ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು ಎಂಬ ಅಪಾಯವನ್ನು ತಿಳಿದೇ ಒಪ್ಪಿಕೊಂಡಿದ್ದೇನೆ, ಕಾಗದಪತ್ರಗಳನ್ನು ಮಾತ್ರ ಅದಕ್ಕೆ ಹಾಕುವುದಿಲ್ಲ. ಬೀರುವಿನ ಹಾಳೆಯಲ್ಲಿ ಈಗ ಉಳಿದಿರುವುದು ಎರಡೇ ಸಾಲು: ಡಿಸ್ಕ್ ಅಕ್ಕನ ಮನೆಯಲ್ಲಿ ಯಾವ ಕಪಾಟಿನಲ್ಲಿದೆ, ಮತ್ತು ಅದರ ತಂತಿ ಎಲ್ಲಿದೆ.