ತುರ್ತು ಪರಿಸ್ಥಿತಿಯ ಬಗ್ಗೆ ಓದಬೇಕು ಅಂದುಕೊಂಡವರಿಗೆ

1975ರ ತುರ್ತು ಪರಿಸ್ಥಿತಿಯ ಬಗ್ಗೆ ಯಾವ ಪುಸ್ತಕ ಓದಬೇಕು ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು, ಆದರೆ ಒಂದೇ ಪುಸ್ತಕ ಓದಿದವರು ಆ ಲೇಖಕರ ಸಿಟ್ಟನ್ನೋ ಸಮರ್ಥನೆಯನ್ನೋ ತಮ್ಮದು ಮಾಡಿಕೊಂಡು ಬಿಡುತ್ತಾರೆ. ಎರಡು ಓದಿ. ಅದೂ ಎದುರುಬದುರು ನಿಂತಿದ್ದವರದ್ದು.

ಓದುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ತಾರೀಖು ಬರೆದುಕೊಳ್ಳಿ. 1975ರ ಜೂನ್ 12, ಇಂದಿರಾ ಗಾಂಧಿಯವರ ಚುನಾವಣೆ ಅಸಿಂಧು ಅಂತ ಅಲಹಾಬಾದ್ ಹೈಕೋರ್ಟ್ ತೀರ್ಪು. ಜೂನ್ 25ರ ರಾತ್ರಿ, ತುರ್ತು ಪರಿಸ್ಥಿತಿ ಘೋಷಣೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ. 1976ರ ಏಪ್ರಿಲ್ 28, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ದಿನ. 1977ರ ಮಾರ್ಚ್ 21, ತುರ್ತು ಪರಿಸ್ಥಿತಿ ಮುಗಿದ ದಿನ. ಈ ಪುಸ್ತಕಗಳು ಹಿಂದೆ ಮುಂದೆ ತುಂಬಾ ಓಡಾಡುತ್ತವೆ. ಚೀಟಿ ಇಲ್ಲದಿದ್ದರೆ ಯಾವುದು ಮೊದಲು, ಯಾವುದರಿಂದ ಯಾವುದಾಯಿತು ಅನ್ನೋದೇ ಗೊತ್ತಾಗುವುದಿಲ್ಲ.

ಆಮೇಲೆ ಎರಡು ವಿಷಯ ನೋಡಿ. ಬರೆದವರು ಆಗ ಎಲ್ಲಿದ್ದರು? ಪುಸ್ತಕ ಯಾವಾಗ ಬಂತು? ಕುಲದೀಪ್ ನಯ್ಯರ್ ಪತ್ರಕರ್ತರು, ಸ್ವತಃ ಜೈಲಿಗೆ ಹೋದವರು. ಅವರ 'ದಿ ಜಡ್ಜ್‌ಮೆಂಟ್' ಬಂದಿದ್ದು 1977ರಲ್ಲಿ, ಗಾಯ ಇನ್ನೂ ಹಸಿಯಾಗಿದ್ದಾಗ. ಪಿ.ಎನ್. ಧರ್ ಪ್ರಧಾನಿಯ ಕಾರ್ಯದರ್ಶಿಯಾಗಿದ್ದವರು. ಅವರ 'ಇಂದಿರಾ ಗಾಂಧಿ, ದಿ ಎಮರ್ಜೆನ್ಸಿ ಅಂಡ್ ಇಂಡಿಯನ್ ಡೆಮಾಕ್ರಸಿ' ಬಂದಿದ್ದು 2000ದಲ್ಲಿ, ಎಲ್ಲಾ ಮುಗಿದು ಎರಡು ದಶಕ ಕಳೆದ ಮೇಲೆ. ನಯ್ಯರ್‌ಗೆ ಆ ದಿನಗಳ ಬಿಸಿ ಇದೆ, ಧರ್‌ಗೆ ಪ್ರಧಾನಿ ಕಚೇರಿಯ ಒಳಗಿನ ನೋಟ ಇದೆ. ಧರ್ ತಪ್ಪಿನ ಒಂದು ಪಾಲನ್ನು ಇಂದಿರಾ ವಿರುದ್ಧ ನಡೆದ ಜಯಪ್ರಕಾಶ್ ನಾರಾಯಣರ ಚಳವಳಿಯ ಮೇಲೂ ಹೊರಿಸುತ್ತಾರೆ. ನೀವು ಒಪ್ಪಬೇಕು ಅಂತಿಲ್ಲ, ಆದರೆ ಆ ವಾದವನ್ನು ಒಮ್ಮೆ ಪೂರ್ತಿ ಕೇಳಿಸಿಕೊಳ್ಳಿ.

ಎರಡನ್ನೂ ಮೊದಲ ಪುಟದಿಂದ ಓದುತ್ತಾ ಕೂರಬೇಕಾಗಿಲ್ಲ. ಒಂದೇ ಘಟನೆ ಹಿಡಿಯಿರಿ. ಜೂನ್ 25ರ ರಾತ್ರಿ ಅಂತಿಟ್ಟುಕೊಳ್ಳಿ. ಪುಸ್ತಕದ ಹಿಂದಿನ ಹೆಸರುಗಳ ಪಟ್ಟಿಯಲ್ಲಿ ರಾಷ್ಟ್ರಪತಿಯ ಹೆಸರು ಹುಡುಕಿ ಆ ಪುಟಗಳನ್ನಷ್ಟೇ ಓದಿ. ಸಹಿ ಬಿದ್ದಿದ್ದು ರಾತ್ರಿ. ಸಚಿವ ಸಂಪುಟಕ್ಕೆ ಹೇಳಿದ್ದು ಮರುದಿನ ಬೆಳಿಗ್ಗೆ, ಅಂದರೆ ಎಲ್ಲಾ ಆದ ಮೇಲೆ! ದೆಹಲಿಯ ಪತ್ರಿಕಾ ಕಚೇರಿಗಳಿಗೆ ಆ ರಾತ್ರಿ ಕರೆಂಟ್ ಕಟ್ ಮಾಡಿದ್ದರು. ಲೇಖಕರು ಇದಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆ, ಒಂದು ಸಾಲಲ್ಲಿ ದಾಟಿಸಿದ್ದಾರಾ, ಯಾರಿಂದ ತಿಳಿಯಿತು ಅಂತ ಹೇಳಿದ್ದಾರಾ ಅಂತ ನೋಡಿದರೆ ಇಡೀ ಪುಸ್ತಕವನ್ನು ಎಷ್ಟು ನಂಬಬಹುದು ಅನ್ನೋ ಅಂದಾಜು ಸಿಕ್ಕಿಬಿಡುತ್ತದೆ.

ಅಂಕಿಸಂಖ್ಯೆ ಬಂದಲ್ಲಿ ನಿಧಾನವಾಗಿ ಓದಿ. ಎಷ್ಟು ಜನರನ್ನು ಬಂಧಿಸಿದರು ಅನ್ನೋದಕ್ಕೆ ಒಂದು ಕಡೆ ಸುಮಾರು 35 ಸಾವಿರ ಅಂತ ಕಾಣುತ್ತದೆ, ಇನ್ನೊಂದು ಕಡೆ 1 ಲಕ್ಷ 10 ಸಾವಿರ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಅನಿಸುವುದು ಸಹಜ. ಹಾಗಿಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಲ್ಲಿ, ವಿಚಾರಣೆ ಇಲ್ಲದೆ ಬಂಧಿಸಿಡಲು ಬಿಡುತ್ತಿದ್ದ ಮೀಸಾ ಕಾಯ್ದೆಯಡಿ ಒಳಗೆ ಹಾಕಿದ್ದು 34,988 ಜನರನ್ನು, ಭಾರತ ರಕ್ಷಣಾ ನಿಯಮಗಳ ಅಡಿ 75,818 ಜನರನ್ನು. ಮೊದಲನೆಯವರು ಮೀಸಾ ಒಂದನ್ನೇ ಎಣಿಸಿದ್ದಾರೆ, ಎರಡನೆಯವರು ಎರಡನ್ನೂ ಕೂಡಿಸಿದ್ದಾರೆ, ಅಷ್ಟೇ. ಹಾಗಾಗಿ ಯಾವುದೇ ಸಂಖ್ಯೆ ಕಂಡರೂ ಯಾವ ಕಾಯ್ದೆ, ಯಾವ ಅವಧಿ, ಎಣಿಸಿದ್ದು ಯಾರು ಅಂತ ಕೇಳಿಕೊಳ್ಳಿ. ಶಾ ಆಯೋಗದ ವರದಿಯನ್ನೇ ಇಂಟರ್ನೆಟ್ಟಲ್ಲಿ ಹುಡುಕಿ ಓದಬಹುದು. ಸರ್ಕಾರಿ ವರದಿ ಅಂತ ಹೆದರಬೇಡಿ, ಅಧಿಕಾರಿಗಳು ಆಯೋಗದ ಮುಂದೆ ಹೇಳಿದ್ದನ್ನು ಓದುತ್ತಾ ಹೋದರೆ ಕೆಳಗಿಡಲು ಮನಸ್ಸು ಬರುವುದಿಲ್ಲ.

ನನಗೆ ಜಾಸ್ತಿ ಬೇಸರ ತರಿಸುವುದು ದೆಹಲಿ ಬಿಟ್ಟು ಆಚೆ ನೋಡದ ಪುಸ್ತಕಗಳು. ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಮನೆ ಕೆಡವಿದ್ದು, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ, ಇಂದಿರಾ ಅವರ ಮಗ ಸಂಜಯ್ ಗಾಂಧಿ, ಇದೆಲ್ಲಾ ಬರಲೇಬೇಕು, ಸರಿ. ಆದರೆ 1977ರ ಚುನಾವಣೆಯಲ್ಲಿ ಉತ್ತರ ಪ್ರದೇಶದ 85ರಲ್ಲಿ ಒಂದನ್ನೂ ಗೆಲ್ಲದ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 26 ಗೆದ್ದಿತಲ್ಲ, ಅದು ಯಾಕೆ? ಈ ಪ್ರಶ್ನೆ ಕೇಳದ ಪುಸ್ತಕ ಅರ್ಧ ಕತೆಯನ್ನಷ್ಟೇ ಹೇಳುತ್ತಿದೆ. ಇಲ್ಲಿ ಅದೇ ವರ್ಷಗಳಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ನಡೆಯುತ್ತಿತ್ತು, ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕುತ್ತಿದ್ದರು, ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಬಂದಿದ್ದೂ 1975ರಲ್ಲೇ. ಅದೇ ಹೊತ್ತಿಗೆ, ಈಗ ಫ್ರೀಡಂ ಪಾರ್ಕ್ ಇರುವ ಜಾಗದ ಬೆಂಗಳೂರು ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ ಇದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನೂ ಅಲ್ಲೇ ಇಟ್ಟಿದ್ದರು. ಜೈಲಲ್ಲಿ ಅವರ ಆಸ್ತಮಾ ವಿಪರೀತವಾಯಿತು. ಹೊರಬಂದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಗೇಣಿದಾರನಿಗೆ ಭೂಮಿ ಸಿಕ್ಕಿದ್ದೂ ನಿಜ, ಇದೂ ನಿಜ. ಎರಡನ್ನೂ ಹೇಳುವ ಪುಸ್ತಕ ಸಿಕ್ಕರೆ ಬಿಡಬೇಡಿ.

ಹಳೆಯ ಪುಸ್ತಕ ಓದುವಾಗ ಅದು ಬಂದ ಮೇಲೆ ಏನೇನಾಯಿತು ಅನ್ನೋದನ್ನೂ ನೀವೇ ಸೇರಿಸಿಕೊಳ್ಳಬೇಕು. 1976ರ ಆ ತೀರ್ಪನ್ನು ಒಪ್ಪದವರು ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತುರ್ತು ಪರಿಸ್ಥಿತಿ ಘೋಷಿಸಲು ಬಿಡುವ ಸಂವಿಧಾನದ 352ನೇ ವಿಧಿಯೂ ಬದಲಾಗಿದೆ. 'ಆಂತರಿಕ ಗಲಭೆ' ಅನ್ನೋ ಕಾರಣವನ್ನು 44ನೇ ತಿದ್ದುಪಡಿ ತೆಗೆದು 'ಸಶಸ್ತ್ರ ದಂಗೆ' ಅಂತ ಮಾಡಿತು, ಸಂಪುಟದ ಲಿಖಿತ ಸಲಹೆ ಬೇಕೇ ಬೇಕು ಅಂತಲೂ ಸೇರಿಸಿತು. ಜೂನ್ 25ರ ರಾತ್ರಿಯ ಪುಟಗಳನ್ನು ಓದಿದವರಿಗೆ ಇದು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನಯ್ಯರ್, ಆಮೇಲೆ ಧರ್. ಅವೆರಡೂ ಮುಗಿದ ಮೇಲೆ ಇತಿಹಾಸಕಾರ ಗ್ಯಾನ್ ಪ್ರಕಾಶ್ 2018ರಲ್ಲಿ ತಂದ 'ಎಮರ್ಜೆನ್ಸಿ ಕ್ರಾನಿಕಲ್ಸ್' ತೆಗೆಯಿರಿ. ಮೀಸಾ ಬಂದಿದ್ದು 1971ರಲ್ಲಿ, ಅಂದರೆ ಆಯುಧ ಮೊದಲೇ ಸರ್ಕಾರದ ಕೈಯಲ್ಲಿತ್ತು ಅನ್ನೋ ಅವರ ವಾದ ಮೊದಲೆರಡನ್ನು ಓದಿದವರಿಗೇ ಚೆನ್ನಾಗಿ ಹಿಡಿಸುತ್ತದೆ.